ತೊಲೆ ಕಮರದ್ದು, ಬಾಗಿಲು ಯಾವುದರದ್ದು?

ಪ್ರಶ್ನೆ: ನಮ್ಮದು ಮೊಳಕಾಲ್ಮೂರು ತಾಲ್ಲೂಕಿನ ಒಂದು ಹಳ್ಳಿ. ತಾತನ ಕಾಲದ ಮಾಳಿಗೆ ಮನೆ ಸೋರುತ್ತಿತ್ತು, ಈ ವರ್ಷ ಬಿಚ್ಚಿಸಿದೆವು. ಆರು ಕಂಬ, ನಾಲ್ಕು ತೊಲೆ, ಹದಿನೆಂಟು ಜಂತಿ ಸಿಕ್ಕಿವೆ. ಎಲ್ಲಾ ಕಮರದ ಮರ ಎಂದು ಅಪ್ಪ ಹೇಳುತ್ತಾರೆ. ದಾವಣಗೆರೆಯಲ್ಲಿ ಕಟ್ಟುತ್ತಿರುವ ಮನೆಗೆ ಇದರಲ್ಲೇ ಮುಂಬಾಗಿಲು, ದಾರಂದ ಮಾಡಿಸುವ ಆಸೆ. ಆದರೆ ಆಚಾರಿ ಒಬ್ಬರು ‘ಇದು ಕಬ್ಬಿಣ ಸ್ವಾಮಿ, ನನ್ನ ಕೈಲಿ ಆಗಲ್ಲ’ ಎಂದು ಹೊರಟೇ ಹೋದರು. ಸಾಮಿಲ್‌ನವರೂ ಹಾಕಿಕೊಳ್ಳಲಿಲ್ಲ. ಒಬ್ಬ ವ್ಯಾಪಾರಿ ‘ಸೌದೆಗೆ ಲಾಯಕ್ಕು, ನನಗೆ ಕೊಡಿ, ಬದಲಿಗೆ ಹೊಸ ಸಾಗವಾನಿ ಬಾಗಿಲು ಕೊಡ್ತೀನಿ’ ಎನ್ನುತ್ತಾನೆ. ಇನ್ನೊಬ್ಬರು ನೋಡಿ ‘ಇದು ಬೀಟೆ, ಬಿಡಬೇಡಿ’ ಎಂದರು. ಕಂಬಗಳಲ್ಲಿ ಉದ್ದುದ್ದ ಬಿರುಕುಗಳಿವೆ, ಒಂದು ರೂಪಾಯಿ ನಾಣ್ಯ ತೂರುತ್ತದೆ. ಗೆದ್ದಲು ಹಿಡಿಯಲ್ಲ ಅಂತಾರೆ, ನಿಜವಾ? ಹೊಲದ ಬದುವಿನಲ್ಲಿ ಇನ್ನೂ ಎರಡು ಕಮರದ ಮರ ಇವೆ. ಇರುವುದು ಸಾಲದಿದ್ದರೆ ಅವನ್ನೂ ಕಡಿಸಬಹುದಾ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಹೆದರಿಕೆ ಕಾಣುತ್ತದೆ. ತಾತನ ಮರ ಸೌದೆ ರೇಟಿಗೆ ಹೋಗಿಬಿಡುತ್ತದೇನೋ ಎಂಬುದು ಒಂದು. ಆಸೆಪಟ್ಟು ಮಾಡಿಸಿದ ಬಾಗಿಲು ಸೀಳಿ ಬಿಟ್ಟರೆ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಒಂದೇ ಮಾತು: ಆ ವ್ಯಾಪಾರಿಗೆ ಕೊಡಬೇಡಿ. ಎರಡನೆಯದಕ್ಕೆ ಸ್ವಲ್ಪ ಉದ್ದ ಹೇಳಬೇಕು, ಯಾಕೆಂದರೆ ಬಾಗಿಲಿನ ವಿಷಯದಲ್ಲಿ ನಾನು ನಿಮ್ಮ ಆಸೆಗೆ ಅಡ್ಡ ಬರುವವನಿದ್ದೇನೆ.

ಮೊದಲು ಇದು ಕಮರವೇ ಹೌದಾ ನೋಡೋಣ. ಒಂದು ಜಂತಿಯ ತುದಿಯಿಂದ, ಒಳಗಿನ ಕೆಂಪು ಕೆಚ್ಚಿನ ಭಾಗದಿಂದಲೇ, ಬೆಂಕಿಪೊಟ್ಟಣದಷ್ಟು ತುಂಡು ಕೊಯ್ಯಿಸಿ. ಒಣಗಿದ ತುಂಡಾಗಿರಬೇಕು. ಬಕೆಟ್ ನೀರಿಗೆ ಬಿಡಿ. ಕಮರವಾದರೆ ಕಲ್ಲು ಹಾಕಿದ ಹಾಗೆ ತಳಕ್ಕೆ ಹೋಗುತ್ತದೆ. ಬೀಟೆ ಭಾರದ ಮರವೇ, ಆದರೂ ಒಣಗಿದ ಬೀಟೆ ಬಹುಪಾಲು ಮುಳುಗಿ ತೇಲುತ್ತದೆ. ಬೀಟೆ ಕೊಯ್ದರೆ ಒಂದು ಸಿಹಿ ವಾಸನೆಯೂ ಬರುತ್ತದೆ, ಒಮ್ಮೆ ಮೂಸಿದವರು ಮರೆಯುವುದಿಲ್ಲ. ಕಮರದ ಕೆಚ್ಚೂ ಕಡುಗೆಂಪು ಕಂದು, ಸ್ವಲ್ಪ ನೇರಳೆ ಛಾಯೆ, ಅಲ್ಲಲ್ಲಿ ಕಪ್ಪು ಗೆರೆ. ಅದಕ್ಕೇ ಬೀಟೆ ಎಂದವರನ್ನು ದೂರುವ ಹಾಗಿಲ್ಲ.

ಮುಳುಗಿದ್ದೆಲ್ಲ ಕಮರ ಅಂತಲೂ ಅಲ್ಲ. ರಕ್ತಚಂದನವೂ ಮುಳುಗುತ್ತದೆ. ಅದರ ಹೊಟ್ಟನ್ನು ಸ್ಪಿರಿಟ್‌ನಲ್ಲಿ ನೆನೆಸಿದರೆ ಸ್ಪಿರಿಟ್ ರಕ್ತದಂತೆ ಕೆಂಪಾಗುತ್ತದೆ, ತಣ್ಣೀರಿನಲ್ಲಿ ಅಷ್ಟಾಗಿ ಬಣ್ಣ ಬಿಡುವುದಿಲ್ಲ. ಹೊನ್ನೆ ಹೊಟ್ಟು ನೀರಿಗೇ ಬಣ್ಣ ಬಿಡುತ್ತದೆ, ಬೆಳಕಿಗೆ ಹಿಡಿದರೆ ನೀರಿನಲ್ಲಿ ನೀಲಿ ಮಿಂಚು ಕಾಣುತ್ತದೆ. ನಿಮಗೆ ಕಾಗದದ ಮೇಲೆ ಖಾತ್ರಿ ಬೇಕು ಎಂದರೆ ಬೆಂಗಳೂರಿನ ಮಲ್ಲೇಶ್ವರದಲ್ಲಿ ಕೇಂದ್ರ ಸರ್ಕಾರದ ಮರ ವಿಜ್ಞಾನ ಸಂಸ್ಥೆ ಇದೆ, ಐಡಬ್ಲ್ಯುಎಸ್‌ಟಿ ಎನ್ನುತ್ತಾರೆ. ತುಂಡು ಕೊಟ್ಟರೆ ಸೂಕ್ಷ್ಮದರ್ಶಕದಲ್ಲಿ ನೋಡಿ ಯಾವ ಮರ ಎಂದು ಹೇಳುತ್ತಾರೆ. ನನ್ನ ಊಹೆ ನಿಮ್ಮ ಅಪ್ಪನ ಕಡೆಗೇ ಇದೆ. ನಿಮ್ಮ ಸೀಮೆಯ ಒಣ ಕಾಡಿನ ಮರ ಅದು. ಗಡಿಯಾಚೆ ತೆಲುಗಿನವರು ಇದನ್ನೇ ನಾರಯೇಪಿ ಎನ್ನುತ್ತಾರೆ. ತೊಗಟೆಯಿಂದ ನಾರು ತೆಗೆದು ಹಗ್ಗ ಹೊಸೆಯುತ್ತಿದ್ದರು, ಹೆಸರು ಅಲ್ಲಿಂದಲೇ.

ಈಗ ‘ಕಬ್ಬಿಣ’ದ ಮಾತು. ಯಾವ ಮರವಾದರೂ ಅದರ ನಾರಿನ ಗೋಡೆ ನೀರಿಗಿಂತ ಹೆಚ್ಚುಕಮ್ಮಿ ಒಂದೂವರೆ ಪಟ್ಟು ಭಾರ. ವ್ಯತ್ಯಾಸ ಇರುವುದು ಒಳಗಿನ ಟೊಳ್ಳಿನಲ್ಲಿ. ದಾವಣಗೆರೆಯವರಿಗೆ ಇದನ್ನು ವಿವರಿಸುವುದು ಸುಲಭ: ಮಂಡಕ್ಕಿಯೂ ಅಕ್ಕಿಯೇ, ಆದರೆ ಒಂದು ಸೇರು ಮಂಡಕ್ಕಿ ಎಷ್ಟು ತೂಗುತ್ತದೆ, ಒಂದು ಸೇರು ಅಕ್ಕಿ ಎಷ್ಟು? ಸಾಗವಾನಿಯ ಒಳಗೆ ಅರ್ಧಕ್ಕಿಂತ ಜಾಸ್ತಿ ಗಾಳಿ. ಒಂದು ಘನ ಅಡಿಗೆ 18–19 ಕೆಜಿ ಬರುತ್ತದೆ. ಕಮರದ ನಾರಿನ ಗೋಡೆ ದಪ್ಪ, ಟೊಳ್ಳು ಸಣ್ಣದು, ಅದರಲ್ಲೂ ಒಂದಷ್ಟು ರಾಳ ತುಂಬಿರುತ್ತದೆ. ಘನ ಅಡಿ ನೀರು 28 ಕೆಜಿ ಚಿಲ್ಲರೆ. ಕಮರಕ್ಕೆ 32 ಕೆಜಿ ಹಿಡಿಯಿರಿ, ಕೆಲವು ತುಂಡು ಇನ್ನೂ ಭಾರ ಬರುತ್ತದೆ. ಹತ್ತು ಅಡಿ ಉದ್ದ, ಐದು–ನಾಲ್ಕು ಇಂಚಿನ ಒಂದು ಜಂತಿಯೇ 45 ಕೆಜಿ ಹತ್ತಿರ.

ಇಷ್ಟೇ ಆಗಿದ್ದರೆ ಆಚಾರಿ ಓಡಿ ಹೋಗುತ್ತಿರಲಿಲ್ಲ. ಕಮರದ ನಾರು ನೆಟ್ಟಗೆ ಹೋಗುವುದಿಲ್ಲ. ಒಂದು ಪದರ ಬಲಕ್ಕೆ ಹುರಿ ಹಾಕಿದಂತೆ ಬೆಳೆದರೆ ಅದರ ಮೇಲಿನ ಪದರ ಎಡಕ್ಕೆ. ತೋಪಡ ಹಾಕಿದಾಗ ಒಂದು ಗೇಣು ನುಣ್ಣಗೆ ಬರುತ್ತದೆ, ಮುಂದಿನ ಗೇಣಿನಲ್ಲಿ ಸಿಬಿರೆದ್ದು ಬರುತ್ತದೆ. ತಿರುಗಿಸಿ ಹಾಕಿದರೆ ಅಲ್ಲಿ ಸರಿ, ಇಲ್ಲಿ ಸಿಬಿರು. ದಿನಗೂಲಿ ಲೆಕ್ಕದಲ್ಲಿ ಕೆಲಸ ಮಾಡುವವರಿಗೆ ಇದು ನಷ್ಟದ ಮರ. ಅವರು ಸೋಮಾರಿ ಎಂದುಕೊಳ್ಳಬೇಡಿ.

ಸಾಮಿಲ್‌ನವರ ಕಾರಣ ಬೇರೆ. ಅವರಿಗೆ ಮರದ ಗಟ್ಟಿತನದ ಭಯ ಕಮ್ಮಿ, ಮೊಳೆಯ ಭಯ ಜಾಸ್ತಿ. ಹಳೇ ಜಂತಿಯಲ್ಲಿ ತೊಟ್ಟಿಲು ಕಟ್ಟಿದ ಕೊಂಡಿ, ಲಾಟೀನು ನೇತುಹಾಕಿದ ಮೊಳೆ, ತಲೆ ಮುರಿದು ಒಳಗೇ ಉಳಿದ ಚೂರು, ಏನೇನೋ ಇರುತ್ತವೆ. ಬ್ಲೇಡಿಗೆ ಸಿಕ್ಕರೆ ಬ್ಲೇಡು ಹಾಳು, ಚೂರು ಹಾರಿದರೆ ಕಣ್ಣು ಹಾಳು. ಹಾಗಾಗಿ ಮೊದಲು ಜಂತಿಗಳನ್ನು ತೊಳೆದು ಒಣಗಿಸಿ. ಎಲ್ಲಿ ನೀಲಿಗಪ್ಪು ಕಲೆ ಕಾಣುತ್ತದೋ ಅಲ್ಲಿ ಕಬ್ಬಿಣ ಇದೆ ಎಂದೇ ತಿಳಿಯಿರಿ. ಮರದ ಒಗರು ಮತ್ತು ಕಬ್ಬಿಣ ಸೇರಿ ಆ ಬಣ್ಣ ಬಂದಿರುತ್ತದೆ. ಆಮೇಲೆ ಕೈಯಲ್ಲಿ ಹಿಡಿಯುವ ಮೆಟಲ್ ಡಿಟೆಕ್ಟರ್ ಒಂದನ್ನು ಪೂರ್ತಿ ಉದ್ದಕ್ಕೂ ಆಡಿಸಿ, ಸದ್ದು ಬಂದಲ್ಲಿ ಸುಣ್ಣದ ಗುರುತು ಹಾಕಿ, ಕಿತ್ತು ತೆಗೆಸಿ. ‘ಮೊಳೆ ಎಲ್ಲ ತೆಗೆಸಿದ್ದೇನೆ, ಒಂದು ಸಿಕ್ಕರೆ ಬ್ಲೇಡಿನ ಖರ್ಚು ನನ್ನದು’ ಎಂದು ಹೇಳಿ ನೋಡಿ. ನನ್ನ ಅನುಭವದಲ್ಲಿ ಹತ್ತಕ್ಕೆ ಎಂಟು ಸಾಮಿಲ್‌ನವರು ಒಪ್ಪುತ್ತಾರೆ. ಕಾರ್ಬೈಡ್ ಹಲ್ಲಿನ ಬ್ಲೇಡು ಇದ್ದವರ ಹತ್ತಿರವೇ ಹೋಗಿ. ಕೊಯ್ಯುವಾಗ ಏಳುವ ಧೂಳು ತೀರ ಸಣ್ಣ, ಮೂಗಿಗೆ ಮಾಸ್ಕ್ ಇರಲಿ.

ಗೆದ್ದಲು ಹಿಡಿಯಲ್ಲ ಎನ್ನುವುದು ಅರ್ಧ ನಿಜ. ಕೆಂಪು ಕೆಚ್ಚಿಗೆ ಗೆದ್ದಲು ಸುಲಭಕ್ಕೆ ಬಾಯಿ ಹಾಕುವುದಿಲ್ಲ. ಹೊರಗಿನ ತೆಳು ಬಿಳಿ ಮರ ಮಾತ್ರ ಬೇರೆ ಯಾವ ಮರದ ಬಿಳಿಯಷ್ಟೇ ರುಚಿ ಅವಕ್ಕೆ. ಸಣ್ಣ ತೂತು ಕೊರೆದು ಹಿಟ್ಟು ಉದುರಿಸುವ ಹುಳುವಿಗೂ ಅದೇ ಬೇಕು. ನಿಮ್ಮ ಜಂತಿಯ ಅಂಚಿನಲ್ಲಿ ಹಿಟ್ಟು ಉದುರುತ್ತಿದ್ದರೆ ಗಾಬರಿ ಬೇಡ. ಬಿಳಿ ಭಾಗವನ್ನು ಪೂರ್ತಿ ಕೆತ್ತಿಸಿಬಿಡಿ. ಇನ್ನೊಂದು ಸಂಗತಿ: ಗೆದ್ದಲು ಕಮರವನ್ನು ತಿನ್ನದೆ ಅದರ ಮೈಮೇಲೆ ಮಣ್ಣಿನ ದಾರಿ ಕಟ್ಟಿಕೊಂಡು ಮೇಲಿನ ಪ್ಲೈವುಡ್ಡಿಗೆ ಹೋಗುತ್ತದೆ. ದಾರಂದ ಕಮರದ್ದು ಎಂದು ಪಾಯಕ್ಕೆ ಗೆದ್ದಲು ಔಷಧ ಹೊಡೆಸದೆ ಬಿಡಬೇಡಿ.

ಗೆದ್ದಲಿಗಿಂತ ನೀವು ನೋಡಬೇಕಾದ್ದು ಗೋಡೆಯೊಳಗೆ ಕೂತಿದ್ದ ತುದಿಗಳನ್ನು. ಮಾಳಿಗೆ ಸೋರುತ್ತಿತ್ತು ಎಂದಿದ್ದೀರಿ. ಚೌಳು ಮಣ್ಣಿನ ಕೆಳಗೆ ವರ್ಷಗಟ್ಟಲೆ ತೇವ ನಿಂತರೆ ಎಂಥ ಮರವೂ ಮೆತ್ತಗಾಗುತ್ತದೆ. ಸ್ಕ್ರೂಡ್ರೈವರ್ ತುದಿಯಿಂದ ಚುಚ್ಚಿ ನೋಡಿ. ಕಮರಕ್ಕೆ ಅದು ಇಳಿಯಲೇಬಾರದು, ಜಾರಬೇಕು. ಇಳಿದರೆ ಅಲ್ಲಿಂದ ಇನ್ನೊಂದು ಗೇಣು ಸೇರಿಸಿ ಕತ್ತರಿಸಿ ಹಾಕಿ. ಆಮೇಲೆ ಸುತ್ತಿಗೆಯಿಂದ ಉದ್ದಕ್ಕೂ ತಟ್ಟುತ್ತಾ ಬನ್ನಿ. ಗಟ್ಟಿ ಇದ್ದಲ್ಲಿ ಟಣ್ ಅನ್ನುತ್ತದೆ, ಒಳಗೆ ಹಾಳಾಗಿದ್ದಲ್ಲಿ ಡೊಬ್ ಅನ್ನುತ್ತದೆ. ಐದಾರು ಜಂತಿ ತಟ್ಟುವಷ್ಟರಲ್ಲಿ ನಿಮ್ಮ ಕಿವಿಗೇ ಗೊತ್ತಾಗುತ್ತದೆ.

ಬಿರುಕು. ಇದರ ಬಗ್ಗೆ ಜನ ಸುಮ್ನೆ ಹೆದರುತ್ತಾರೆ. ಮರ ಒಣಗುವಾಗ ಸುತ್ತಳತೆಯ ಕಡೆಗೆ ಹೆಚ್ಚು ಕುಗ್ಗುತ್ತದೆ, ತಿರುಳಿನಿಂದ ಹೊರಕ್ಕೆ ಅದರ ಅರ್ಧದಷ್ಟೇ ಕುಗ್ಗುತ್ತದೆ. ಇಡೀ ದಿಮ್ಮಿಯನ್ನೇ ಕಂಬ ಮಾಡಿದಾಗ ತಿರುಳು ಮಧ್ಯೆ ಉಳಿಯುತ್ತದೆ. ಹೊರಗಿನ ಅಂಗಿ ಬಿಗಿಯಾಗುತ್ತದೆ, ಒಳಗಿನ ಮೈ ಅಷ್ಟು ಸಣ್ಣಗಾಗುವುದಿಲ್ಲ. ಎಲ್ಲೋ ಒಂದು ಕಡೆ ಹರಿಯಲೇಬೇಕಲ್ವಾ? ನಿಮ್ಮ ಕಂಬಗಳ ಉದ್ದ ಬಿರುಕು ಇದೇ. ತಾತ ಮದುವೆಯಾಗುವ ಹೊತ್ತಿಗೇ ಅದು ಬಿಟ್ಟಿರಬಹುದು. ನೆಟ್ಟಗೆ ನಿಂತು ಭಾರ ಹೊರುವ ಕಂಬಕ್ಕೆ ಅದರಿಂದ ತೊಂದರೆ ಬಹಳ ಕಮ್ಮಿ. ಅಂಟು, ಪುಟ್ಟಿ ತುಂಬಿ ಮುಚ್ಚಲು ಹೋಗಬೇಡಿ. ಮಳೆಗಾಲದಲ್ಲಿ ಮರ ಉಬ್ಬಿದಾಗ ಪುಟ್ಟಿ ಹೊರಗೆ ಬೀಳುತ್ತದೆ, ಇಲ್ಲವೇ ಪಕ್ಕದಲ್ಲಿ ಹೊಸ ಬಿರುಕು ಬಿಡಿಸುತ್ತದೆ.

ಹೆದರಬೇಕಾದ ಬಿರುಕು ಬೇರೆ ಎರಡಿವೆ. ತೊಲೆಯ ತುದಿಯಲ್ಲಿ, ನಡುಮಟ್ಟದಲ್ಲಿ, ಈ ಮಗ್ಗುಲಿನಿಂದ ಆ ಮಗ್ಗುಲಿಗೆ ದಾಟಿದ ಅಡ್ಡ ಬಿರುಕು ಒಂದು. ಅಂಥ ತೊಲೆ ಒಂದರ ಮೇಲೊಂದು ಜಾರುವ ಎರಡು ಹಲಗೆಯಂತಾಗುತ್ತದೆ, ಮೇಲೆ ಭಾರ ಹೇರಬೇಡಿ. ಕೊಯ್ದ ತುದಿಯಲ್ಲಿ ಬಳೆಯಂತೆ ದುಂಡಗೆ ಕಾಣುವ ಬಿರುಕು ಇನ್ನೊಂದು. ಅದರಿಂದ ಹಲಗೆ ತೆಗೆದರೆ ಪದರ ಪದರ ಕಳಚುತ್ತದೆ.

ಹಳೇ ಮರ ಇಟ್ಟಷ್ಟೂ ಗಟ್ಟಿಯಾಗುತ್ತದೆ ಎಂಬ ಮಾತೂ ನಂಬಬೇಡಿ. ಅದು ಒಣಗಿ, ಕುಗ್ಗುವುದೆಲ್ಲ ಕುಗ್ಗಿ, ಸುಮ್ಮನಾಗಿರುತ್ತದೆ ಅಷ್ಟೇ. ಮರಗೆಲಸದವರಿಗೆ ಬೇಕಾದ್ದೂ ಅದೇ. ತಮಿಳುನಾಡಿನ ಕುಂಭಕೋಣದ ಹತ್ತಿರ ನರಸಿಂಗಂಪೇಟೆ ಎಂಬ ಊರಿದೆ. ಅಲ್ಲಿನ ನಾಗಸ್ವರಕ್ಕೆ 2022ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಆ ನಾಗಸ್ವರ ಮಾಡುವುದು ‘ಆಚ್ಚಾ’ ಮರದಲ್ಲಿ. ಆಚ್ಚಾ ಎಂದರೆ ನಮ್ಮ ಕಮರವೇ. ಅವರು ಹೊಸದಾಗಿ ಕಡಿದ ಮರವನ್ನು ಮುಟ್ಟುವುದಿಲ್ಲ, ಬಿಚ್ಚಿದ ಹಳೇ ಮನೆಗಳ ಜಂತಿ, ಕಂಬ ಹುಡುಕಿ ತರುತ್ತಾರೆ. ಹೊಸ ಮರ ಕೊರೆದರೆ ಮುಂದೆ ಸೀಳುತ್ತದೆ, ಶ್ರುತಿ ನಿಲ್ಲುವುದಿಲ್ಲ. ನಿಮ್ಮ ವ್ಯಾಪಾರಿ ಸೌದೆ ಎಂದದ್ದು ಇಂಥ ಮರವನ್ನು! ಸೌದೆಗೆ ನಿಮ್ಮಿಂದ ತೂಕಕ್ಕೆ ಕೊಂಡು, ಆಚೆ ಘನ ಅಡಿ ಲೆಕ್ಕಕ್ಕೆ ಮಾರುವುದು ಹಳೇ ಆಟ.

ಇನ್ನು ಬಾಗಿಲು. ಏಳು ಅಡಿ ಎತ್ತರ, ಮೂರೂವರೆ ಅಡಿ ಅಗಲ, ಒಂದೂವರೆ ಇಂಚು ದಪ್ಪದ ಒಂಟಿ ಬಾಗಿಲು ಎಂದುಕೊಳ್ಳಿ. ಮೂರು ಘನ ಅಡಿ ಚಿಲ್ಲರೆ ಮರ. ಸಾಗವಾನಿಯಲ್ಲಿ 57 ಕೆಜಿ ಆಸುಪಾಸು. ಕಮರದಲ್ಲಿ 98 ಕೆಜಿ. ಒಬ್ಬ ಆಳು ಮತ್ತು ಅರ್ಧ ಆಳು ದಿನವಿಡೀ ನಿಮ್ಮ ದಾರಂದಕ್ಕೆ ಜೋತುಬಿದ್ದ ಹಾಗೆ. ನಾನು ಈ ಕೆಲಸಕ್ಕೆ ಬಂದ ಹೊಸದರಲ್ಲಿ ಜಗಳೂರು ಕಡೆಯ ಒಂದು ಮನೆಗೆ ಇಂಥದ್ದೇ ಬಾಗಿಲು ಮಾಡಿಸಿದೆ. ಮಾಮೂಲಿ ನಾಲ್ಕಿಂಚಿನ ಇಂಜಸ್ ಮೂರು ಹಾಕಿಸಿದೆ. ಗೃಹಪ್ರವೇಶದ ದಿನ ಎಲ್ಲರೂ ತಟ್ಟಿ ನೋಡಿ ಹೊಗಳಿದರು. ಯುಗಾದಿ ಹೊತ್ತಿಗೆ ಮೇಲಿನ ಇಂಜಸ್ಸಿನ ಸ್ಕ್ರೂ ಕಿತ್ತು, ಬಾಗಿಲು ನೆಲಕ್ಕೆ ಉಜ್ಜಿ ಕಾಲು ಚಂದ್ರನಂತೆ ಗೆರೆ ಬಿದ್ದಿತ್ತು. ಆ ಮನೆಯ ಅಜ್ಜಿ ಬಾಗಿಲು ತೆಗೆಯಲಾಗದೆ ಹಿತ್ತಲಿಂದ ಓಡಾಡುತ್ತಿದ್ದರು. ತಪ್ಪು ಮರದ್ದಲ್ಲ, ನನ್ನದು.

ಹಳಬರು ಗಟ್ಟಿ ಮರದಲ್ಲಿ ಬಾಗಿಲು ಮಾಡುತ್ತಿದ್ದರಲ್ಲ ಎನ್ನುತ್ತೀರಿ. ಮಾಡುತ್ತಿದ್ದರು. ಆದರೆ ಅವರ ಬಾಗಿಲು ಎರಡು ಕದದ್ದು, ಗಿಡ್ಡ, ಬಗ್ಗಿ ಒಳಗೆ ಹೋಗಬೇಕು. ಕದದ ಮೂಲೆಯ ಗೂಟ ಹೊಸ್ತಿಲ ಕುಳಿಯಲ್ಲಿ ಕೂತು ತಿರುಗುತ್ತಿತ್ತು. ಭಾರವೆಲ್ಲ ನೆಲಕ್ಕೆ. ಸ್ಕ್ರೂಗೆ ಜೋತುಬೀಳುವ ಪ್ರಶ್ನೆಯೇ ಇಲ್ಲ.

ಹಾಗಾಗಿ ನನ್ನ ಸಲಹೆ: ದಾರಂದ ಮತ್ತು ಹೊಸ್ತಿಲು ಕಮರದಲ್ಲಿ ಮಾಡಿಸಿ, ಕದ ಬೇರೆ ಮರದಲ್ಲಿ. ಸಾಗವಾನಿ ಆಗಲಿ, ಹೊನ್ನೆ ಆಗಲಿ, ಚೆನ್ನಾಗಿ ಒಣಗಿದ ಬೇವು ಆದರೂ ಸರಿ. ಹೊಸ್ತಿಲಿಗೆ ಕಮರಕ್ಕಿಂತ ಒಳ್ಳೆಯ ಮರ ನನಗೆ ಗೊತ್ತಿಲ್ಲ. ಮೂರು ತಲೆಮಾರು ತುಳಿದರೂ ಸವೆಯುವುದಿಲ್ಲ. ಈ ಮರದಲ್ಲಿ ಹಿಂದೆ ಗಾಡಿ ಚಕ್ರದ ಗುಂಬ, ಗಾಣದ ಭಾಗ, ಒನಕೆ, ಕುಂಟೆ ಮಾಡುತ್ತಿದ್ದುದು ಸುಮ್ಮನೆ ಅಲ್ಲ. ಏಟು, ಉಜ್ಜಾಟ, ಭಾರ ಎಲ್ಲಿದೆಯೋ ಅಲ್ಲಿ ಕಮರ ಇತ್ತು. ಐದು–ಮೂರು ಇಂಚಿನ ದಾರಂದಕ್ಕೆ ನಿಮ್ಮ ಮೂರು ಜಂತಿ ಸಾಕು. ದಾರಂದವೇ 70 ಕೆಜಿ ದಾಟುತ್ತದೆ, ಆದರೆ ಅದು ಗೋಡೆಯಲ್ಲಿ ಕೂತಿರುವುದರಿಂದ ಚಿಂತೆ ಇಲ್ಲ.

ಕದದಲ್ಲೂ ತಾತನ ಮರ ಇರಲೇಬೇಕು ಎನ್ನುವುದಾದರೆ ನಡುವೆ ಒಂದೆರಡು ತೆಳು ಪಟ್ಟಿ, ಹಿಡಿಕೆ, ಅಗುಳಿ ಕಮರದಲ್ಲಿ ಮಾಡಿಸಿ. ಅಗುಳಿ ನೋಡಲು ಬಹಳ ಚೆಂದ ಬರುತ್ತದೆ. ಇಷ್ಟು ಹೇಳಿದ ಮೇಲೂ ಪೂರ್ತಿ ಕಮರದ ಕದವೇ ಬೇಕೆಂದರೆ ಎರಡು ಕದ ಮಾಡಿಸಿ. ಒಂದೊಂದಕ್ಕೂ ಬೇರಿಂಗ್ ಇರುವ ಐದಿಂಚಿನ ಸ್ಟೀಲ್ ಇಂಜಸ್ ನಾಲ್ಕು ಹಾಕಿಸಿ. ಮಕ್ಕಳ ಬೆರಳು ಸಿಕ್ಕಿದರೆ ಏನಾಗುತ್ತದೆ ಎಂದೂ ಒಮ್ಮೆ ಯೋಚಿಸಿ.

ಕೊಯ್ಯಿಸಿದ ಮೇಲೆ ಅವಸರ ಮಾಡಬೇಡಿ. ಇಲ್ಲಿಯೇ ಬಹಳ ಜನ ಎಡವುವುದು. ‘ನೂರು ವರ್ಷದ ಮರ, ಇನ್ನೇನು ಒಣಗಬೇಕು’ ಎಂದು ಮಾರನೇ ದಿನವೇ ಕೂಡಿಸಲು ಶುರು ಮಾಡುತ್ತಾರೆ. ದಪ್ಪ ಜಂತಿಯ ಒಳಗಿನ ಬಿಗಿ ಕೊಯ್ದಾಗ ಬಿಡುತ್ತದೆ, ತುಂಡು ಒಂಚೂರು ಬಾಗುತ್ತದೆ. ಬಿಚ್ಚುವಾಗ ಮಳೆಗೆ ನೆಂದಿದ್ದರಂತೂ ಕೇಳಬೇಡಿ. ಬೇಕಾದ ಅಳತೆಗಿಂತ ಕಾಲಿಂಚು ಜಾಸ್ತಿ ಇಟ್ಟು ಕೊಯ್ಯಿಸಿ. ಎರಡೂ ತುದಿಗೆ ಹಳೇ ಪೇಂಟ್ ಬಳಿಯಿರಿ, ತುದಿಯಿಂದಲೇ ತೇವ ಬೇಗ ಹೋಗಿ ಸೀಳುವುದು. ನೆರಳಿನಲ್ಲಿ, ನೆಲದಿಂದ ಒಂದು ಅಡಿ ಮೇಲೆ, ಎರಡೆರಡು ಅಡಿಗೆ ಒಂದರಂತೆ ಒಂದೇ ದಪ್ಪದ ಪಟ್ಟಿ ಇಟ್ಟು ಪೇರಿಸಿ. ಮೇಲೆ ಕಲ್ಲು ಹೇರಿ.

ತೇವ ಅಳೆಯುವ ಮೀಟರ್ ಇಷ್ಟು ದಟ್ಟ ಮರದಲ್ಲಿ ಸರಿಯಾದ ಅಂಕಿ ತೋರಿಸುವುದು ಕಷ್ಟ. ಅದಕ್ಕಿಂತ ತಕ್ಕಡಿ ನಂಬಿ. ಒಂದು ತುಂಡಿಗೆ ಗುರುತು ಹಾಕಿ, ಪ್ರತಿ ಭಾನುವಾರ ತೂಗಿ ಕ್ಯಾಲೆಂಡರಿನಲ್ಲೇ ಬರೆಯಿರಿ. ಮೂರು ಭಾನುವಾರ ಒಂದೇ ತೂಕ ಬಂದರೆ ಕೆಲಸ ಶುರು ಮಾಡಿಸಿ. ಬೇಸಿಗೆಯಲ್ಲಾದರೆ ಎರಡು ತಿಂಗಳಿಗೆ ಈ ಹಂತ ಬರುತ್ತದೆ, ಮಳೆಗಾಲದಲ್ಲಿ ಇನ್ನೂ ತಡ.

ಆಚಾರಿಗೆ ತೋರಿಸಲು ಮೂರು ಮಾತು. ಕಮರಕ್ಕೆ ನೇರ ಸ್ಕ್ರೂ ತಿರುಗಿಸಿದರೆ ತಲೆ ಮುರಿಯುತ್ತದೆ. ಮೊದಲು ಡ್ರಿಲ್ಲಿನಲ್ಲಿ ತೂತು, ಆಮೇಲೆ ಸೋಪು ಹಚ್ಚಿದ ಕಬ್ಬಿಣದ ಸ್ಕ್ರೂ ಒಮ್ಮೆ ಹಾಕಿ ತೆಗೆದು, ಕೊನೆಗೆ ಹಿತ್ತಾಳೆಯದು. ಫೆವಿಕಾಲ್ ಮೇಲೆ ಪೂರ್ತಿ ಭರವಸೆ ಬೇಡ, ರಾಳದ ಮೈಗೆ ಅಂಟು ಸರಿಯಾಗಿ ಕಚ್ಚುವುದಿಲ್ಲ. ಒಂದರ ತುದಿ ಇನ್ನೊಂದರ ಕುಳಿಯಲ್ಲಿ ಕೂರುವಂತೆ ಮಾಡಿ ಗೂಟ ಹೊಡೆಯುವ ಹಳೇ ಪದ್ಧತಿಯೇ ಸರಿ. ಗೋಡೆಗೆ ತಾಗುವ ಮೈಗೆ ಡಾಂಬರು ಬಳಿಯಲಿ.

ಮೇಲೆ ದಪ್ಪ ಪಾಲಿಶ್ ಹೊಡೆಸಿದರೆ ಬಿಸಿಲಿಗೆ ಸಿಪ್ಪೆ ಏಳುತ್ತದೆ. ಅಂಗಡಿಯಲ್ಲಿ ‘ಬಾಯಿಲ್ಡ್ ಲಿನ್‌ಸೀಡ್ ಆಯಿಲ್’ ಎಂದು ಸಿಗುವ ಅಗಸೆ ಎಣ್ಣೆಗೆ (ಮನೆಯಲ್ಲಿ ಕಾಯಿಸಬೇಡಿ) ಟರ್ಪೆಂಟೈನ್ ಬೆರೆಸಿ ತೆಳ್ಳಗೆ ಮೂರು ಕೈ ಹಚ್ಚಿ, ಪ್ರತಿ ಸಲ ಮಿಕ್ಕಿದ್ದನ್ನು ಒರೆಸಿ ತೆಗೆಯಿರಿ. ಆ ಎಣ್ಣೆ ಬಟ್ಟೆಯನ್ನು ಉಂಡೆ ಮಾಡಿ ಮೂಲೆಗೆ ಎಸೆಯಬಾರದು. ತಾನೇ ಬಿಸಿಯಾಗಿ ಹೊತ್ತಿಕೊಳ್ಳುತ್ತದೆ, ತಮಾಷೆ ಅಲ್ಲ. ಬಿಡಿಸಿ ಹೊರಗೆ ಹರವಿ ಒಣಗಿಸಿ.

ಆರು ಕಂಬಗಳನ್ನು ಮಾತ್ರ ದಯವಿಟ್ಟು ಕೊಯ್ಯಿಸಬೇಡಿ. ತಿರುಳು ಮಧ್ಯೆ ಇರುವ ಕಂಬದಿಂದ ಒಳ್ಳೆ ಹಲಗೆ ಬರುವುದೂ ಇಲ್ಲ. ಹೊಸ ಮನೆಯ ಜಗಲಿಯಲ್ಲಿ ಕಲ್ಲಿನ ಅಡಿಯ ಮೇಲೆ ನಿಲ್ಲಿಸಿ, ನೆಲದ ತೇವ ತಾಗದಂತೆ. ಹಗುರ ಹೆಂಚಿನ ಮಾಡು ಹೊರಿಸಬಹುದು. ಆರ್‌ಸಿಸಿ ಹೊರಿಸುವುದಾದರೆ ಎಂಜಿನಿಯರ್ ಹತ್ತಿರ ಲೆಕ್ಕ ಹಾಕಿಸದೆ ಮುಂದುವರಿಯಬೇಡಿ. ಉಳಿದ ಜಂತಿಗಳಲ್ಲಿ ಮೆಟ್ಟಿಲು ಹಲಗೆ, ಜಗಲಿಯ ಬೆಂಚು ಬರುತ್ತವೆ. ಮಂಚ ಬೇಡ, ಒಮ್ಮೆ ಇಟ್ಟ ಜಾಗದಿಂದ ಕದಲಿಸಲು ನಾಲ್ಕು ಜನ ಬೇಕಾಗುತ್ತದೆ.

ಹಳೇ ಮನೆ ಮರ ಹೊಸ ಮನೆಗೆ ಆಗುತ್ತದಾ, ದೋಷವಾ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಅದು ನನ್ನ ವಿದ್ಯೆ ಅಲ್ಲ. ನಿಮ್ಮ ಮನೆಯ ಹಿರಿಯರನ್ನು ಕೇಳಿಕೊಳ್ಳಿ.

ಮೊಳಕಾಲ್ಮೂರಿನಿಂದ ದಾವಣಗೆರೆಗೆ ಲಾರಿ ಹತ್ತಿಸುವ ಮೊದಲು ವಲಯ ಅರಣ್ಯಾಧಿಕಾರಿ ಕಚೇರಿಗೆ ಹೋಗಿ ಬನ್ನಿ. ಹಳೇ ಮನೆಯದೇ ಆದರೂ ಮರ ಮರವೇ, ದಾರಿಯಲ್ಲಿ ತಡೆದರೆ ಕಾಗದ ಕೇಳುತ್ತಾರೆ. ಮನೆ ಬಿಚ್ಚುವ ಮುಂಚಿನ ಫೋಟೋ, ಮನೆಯ ಖಾತೆ, ಪಂಚಾಯ್ತಿಯಿಂದ ಒಂದು ಪತ್ರ, ತುಂಡುಗಳ ಅಳತೆಯ ಪಟ್ಟಿ ಜೊತೆಗಿಟ್ಟುಕೊಳ್ಳಿ. ಬಣ್ಣ ನೋಡಿ ಬೀಟೆ ಎಂದೋ ರಕ್ತಚಂದನ ಎಂದೋ ಅನುಮಾನಪಟ್ಟರೆ ನಿಮ್ಮ ಬಳಿ ಉತ್ತರ ಇರಬೇಕು.

ಕೊನೆಗೆ ಬದುವಿನ ಎರಡು ಮರ. ಲೆಕ್ಕ ನೋಡಿದರೆ ನಿಮಗೆ ಅವು ಬೇಕಾಗಿಯೇ ಇಲ್ಲ, ಇರುವ ಜಂತಿಯೇ ಮಿಕ್ಕುತ್ತದೆ. ಸ್ವಂತ ಹೊಲದ್ದೇ ಆದರೂ 1976ರ ಮರ ಸಂರಕ್ಷಣಾ ಕಾಯ್ದೆ ಪ್ರಕಾರ ಕಡಿಯುವ ಮೊದಲು ಅರಣ್ಯ ಇಲಾಖೆಯನ್ನು ಕೇಳಬೇಕು. ಕೇಳಿ ಕಡಿಸಿದರೂ ಹಸಿ ಕಮರ ಒಣಗಲು ವರ್ಷಗಳು ಹಿಡಿಯುತ್ತವೆ, ನಿಮ್ಮ ಗೃಹಪ್ರವೇಶಕ್ಕೆ ಅದು ಸಿಗುವುದಿಲ್ಲ. ಅವು ನಿಂತಿರಲಿ. ಬೇಸಿಗೆಯಲ್ಲಿ ಬೇರೆ ಮೇವು ಇಲ್ಲದಾಗ ದನದ ಗೊರಸಿನಂತೆ ಜೋಡಿ ಜೋಡಿ ಇರುವ ಆ ಎಲೆಗೆ ಕುರಿ ಕಾಯುವವರು ಬಂದೇ ಬರುತ್ತಾರೆ. ಸೊಪ್ಪು ಕೊಯ್ದುಕೊಳ್ಳಲಿ, ಆದರೆ ತುದಿಯ ರೆಂಬೆಗಳನ್ನು ಬಿಡಲು ಹೇಳಿ. ಪ್ರತಿ ವರ್ಷ ತಲೆ ಬೋಳಿಸಿದರೆ ಕಮರ ಬೀಜ ಕಟ್ಟುವುದಿಲ್ಲ.